ಉಪನಗರ ರೈಲು ಬರುವವರೆಗೆ ನಾವೇನು ಮಾಡೋಣ?

ಬೆಂಗಳೂರಿನ ಉಪನಗರ ರೈಲಿನ ಬಗ್ಗೆ ಪತ್ರಿಕೆಗಳಲ್ಲಿ ಸುದ್ದಿ ಬಂದಾಗಲೆಲ್ಲ ಐ.ಟಿ. ಉದ್ಯೋಗಿಗಳು, ವಿಮಾನ ನಿಲ್ದಾಣ, ಟ್ರಾಫಿಕ್ ಎಂಬ ಪದಗಳು ಇದ್ದೇ ಇರುತ್ತವೆ. ವಿದ್ಯಾರ್ಥಿ ಎಂಬ ಪದ ಮಾತ್ರ ಅಪರೂಪ. ವೈಟ್‌ಫೀಲ್ಡ್‌ನ ಕಂಪನಿಗೆ ಹೋಗುವವರು ಎಷ್ಟು ಬೇಗ ತಲುಪುತ್ತಾರೆ, ದೇವನಹಳ್ಳಿಗೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ರಾಮನಗರದಿಂದ, ಚನ್ನಪಟ್ಟಣದಿಂದ, ಮಾಲೂರಿನಿಂದ, ಬಂಗಾರಪೇಟೆಯಿಂದ ಬೆಳಗಿನ ಫಜ್ರ್ ನಮಾಝ್ ಮುಗಿಸಿ, ಟಿಫಿನ್ ಡಬ್ಬಿ ಹಿಡಿದು ರೈಲು ಹತ್ತುವ ಹುಡುಗ ಹುಡುಗಿಯರ ಲೆಕ್ಕ ಯಾರೂ ಹಾಕುವುದಿಲ್ಲ. ನಮ್ಮ ಕಾಲೇಜಿನಲ್ಲಿ ಅಂಥವರು ಪ್ರತಿ ಸೆಕ್ಷನ್‌ನಲ್ಲೂ ಇದ್ದಾರೆ. ಅದಕ್ಕೇ ಈ ವಿಷಯವನ್ನು ನಮ್ಮ ವಾರ್ತಾಪತ್ರದಲ್ಲಿ ಬರೆಯಬೇಕು ಅನ್ನಿಸಿತು.

ನನ್ನ ಮನೆ ಕಾಟನ್‌ಪೇಟೆಯಲ್ಲಿದೆ. ಕಾಲೇಜಿಗೆ ನಡೆದೇ ಬರುತ್ತೇನೆ. ಹಾಗಾಗಿ ಇದು ನನ್ನ ಸ್ವಂತ ಕಷ್ಟದ ಕತೆಯಲ್ಲ. ಆದರೆ ಕಳೆದ ವರ್ಷ ನಮ್ಮ ತರಗತಿಯಲ್ಲಿದ್ದ ಒಬ್ಬ ಹುಡುಗಿ ಈ ವರ್ಷ ನಮ್ಮ ಜೊತೆ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು, ತನ್ನ ಊರಿನಲ್ಲಿ ಸಿಗದ ಕಾಂಬಿನೇಷನ್‌ಗಾಗಿ ಬಂಗಾರಪೇಟೆ ಕಡೆಯಿಂದ ಇಲ್ಲಿಗೆ ಬರುತ್ತಿದ್ದಳು. ಪ್ರಾಕ್ಟಿಕಲ್ ಇರುವ ದಿನ ಮನೆ ಸೇರುವಷ್ಟರಲ್ಲಿ ಮಗ್ರಿಬ್ ಕಳೆದು ಕತ್ತಲಾಗುತ್ತಿತ್ತು. ಡಿಸೆಂಬರ್ ಬಂದಾಗ ಅವಳ ಅಬ್ಬಾ, "ಓದು ಬಿಡು ಅನ್ನುವುದಿಲ್ಲ, ಆದರೆ ಇಷ್ಟು ಹೊತ್ತು ಮೀರಿ ಬರುವುದು ಬೇಡ" ಅಂದರಂತೆ. ಅವಳು ಈಗ ಊರಿನ ಕಾಲೇಜಿನಲ್ಲಿ ಸಿಕ್ಕ ಕಾಂಬಿನೇಷನ್ ಓದುತ್ತಿದ್ದಾಳೆ. ಇದರಲ್ಲಿ ಅವರ ಅಬ್ಬಾರನ್ನು ದೂರುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸಂಜೆ ಐದಕ್ಕೆ ಹೊರಟರೆ ಆರೂವರೆಗೆ ಮನೆ ಎಂಬ ಖಾತರಿ ಇದ್ದಿದ್ದರೆ ಅವರು ಬೇಡ ಅನ್ನುತ್ತಿರಲಿಲ್ಲ. ಒಂದು ಮನೆಯ ನಿರ್ಧಾರದ ಹಿಂದೆ ಒಂದು ರೈಲಿನ ವೇಳಾಪಟ್ಟಿ ಇರುತ್ತದೆ.

ಪಿಯುಸಿಯಲ್ಲಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಮೊದಲ ಪೀರಿಯಡ್ ತಪ್ಪಿದರೆ ಹಾಜರಿಯೂ ಹೋಯಿತು, ಪಾಠವೂ ಹೋಯಿತು. ಊರಲ್ಲೇ ಇರುವ ನಮಗೆ ಇದು ಗೊತ್ತಾಗುವುದಿಲ್ಲ. ರೈಲಿನಲ್ಲಿ ಬರುವವರಿಗೆ ಪ್ರತಿ ತಿಂಗಳ ಕೊನೆಯಲ್ಲಿ ನೋಟಿಸ್ ಬೋರ್ಡ್ ನೋಡುವಾಗ ಗೊತ್ತಾಗುತ್ತದೆ.

ನಲವತ್ತು ವರ್ಷದ ಮಾತು

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರ ಆಗಸ್ಟ್ 1ರಂದು. ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ, ಅಂದರೆ ಈಗಿನ ಕಂಟೋನ್ಮೆಂಟ್ ನಿಲ್ದಾಣಕ್ಕೆ ಹಳಿ ಹಾಕಿದರು. 1880ರ ದಶಕದಲ್ಲಿ ಮೈಸೂರಿನ ದಾರಿ, ತುಮಕೂರಿನ ದಾರಿ ತೆರೆದವು. ಆಮೇಲೆ ಹಿಂದೂಪುರದ ಕಡೆಗೂ ಹಳಿ ಹೋಯಿತು. ಹೀಗೆ ಬ್ರಿಟಿಷರ ಕಾಲ ಮುಗಿಯುವ ಮೊದಲೇ ನಮ್ಮ ಊರಿಂದ ನಾಲ್ಕೂ ದಿಕ್ಕಿಗೆ ರೈಲು ದಾರಿ ಇತ್ತು. ಪೇಟೆಯ ಪಕ್ಕದಲ್ಲೇ ಇರುವ ಸಿಟಿ ನಿಲ್ದಾಣ, ಅಂದರೆ ಈಗಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಆ ದಾರಿಗಳೆಲ್ಲ ಕೂಡುವ ಜಾಗ. ಊರು ಬೆಳೆದಂತೆ ಈ ಹಳಿಗಳ ಮೇಲೆ ಲೋಕಲ್ ರೈಲು ಓಡಿಸೋಣ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಹೊಳೆಯಿತು ಕೂಡ. 1983ರಲ್ಲೇ ದಕ್ಷಿಣ ರೈಲ್ವೆಯ ತಂಡವೊಂದು ಬೆಂಗಳೂರಿಗೆ ಮೆಟ್ರೊ ಜೊತೆಗೆ ಉಪನಗರ ರೈಲು ಬೇಕು ಎಂದು ಹೇಳಿತ್ತು. ಆಗ ನಮ್ಮ ಅಬ್ಬಾ ಅಮ್ಮಿಯರು ಚಿಕ್ಕ ಮಕ್ಕಳು.

ಆಮೇಲೆ ವರದಿಗಳ ಮೇಲೆ ವರದಿಗಳು. 2012ರಲ್ಲಿ ರೈಟ್ಸ್ ಸಂಸ್ಥೆ ಒಂದು ವರದಿ ಕೊಟ್ಟಿತು. 2018ರ ಕೇಂದ್ರ ಬಜೆಟ್‌ನಲ್ಲಿ 160 ಕಿ.ಮೀ. ಉದ್ದದ ಜಾಲಕ್ಕೆ 17,000 ಕೋಟಿ ರೂಪಾಯಿಯ ಅಂದಾಜು ಘೋಷಣೆಯಾಯಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 148.17 ಕಿ.ಮೀ. ಉದ್ದದ, 15,767 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಟ್ಟುವ ಹೊಣೆ ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಸೇರಿ ಮಾಡಿದ ಕೆ-ರೈಡ್ ಕಂಪನಿಯದು. ಕೇಂದ್ರ ಶೇ 20, ರಾಜ್ಯ ಶೇ 20, ಉಳಿದ ಶೇ 60 ಸಾಲ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ ಮತ್ತು ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸಾಲ ಕೊಡಲು ಒಪ್ಪಿವೆ.

ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರಿನ ಪರಿಮಳವಿದೆ. ಸಿಟಿ ನಿಲ್ದಾಣದಿಂದ ಯಲಹಂಕ ಮೇಲೆ ದೇವನಹಳ್ಳಿಗೆ 41.4 ಕಿ.ಮೀ.ನ ಸಂಪಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ 25.01 ಕಿ.ಮೀ.ನ ಮಲ್ಲಿಗೆ. ಕೆಂಗೇರಿಯಿಂದ ಕಂಟೋನ್ಮೆಂಟ್ ಮೂಲಕ ವೈಟ್‌ಫೀಲ್ಡ್‌ಗೆ 35.52 ಕಿ.ಮೀ.ನ ಪಾರಿಜಾತ. ಹೀಲಲಿಗೆಯಿಂದ ರಾಜಾನುಕುಂಟೆಗೆ 46.24 ಕಿ.ಮೀ.ನ ಕನಕ. 2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ, 40 ವರ್ಷದಿಂದ ನಿಂತ ಕೆಲಸವನ್ನು 40 ತಿಂಗಳಲ್ಲಿ ಮುಗಿಸುವ ಭರವಸೆ ಕೊಟ್ಟರು. ಬೆರಳು ಮಡಿಸಿ ಎಣಿಸಿದರೆ ಆ ಗಡುವು 2025ರ ಅಕ್ಟೋಬರ್‌ಗೆ ಮುಗಿದಿದೆ. ಒಂದೇ ಒಂದು ಉಪನಗರ ರೈಲೂ ಓಡಲಿಲ್ಲ. ಅದಕ್ಕೂ ಮೊದಲೇ, ಅದೇ ವರ್ಷ, ಮಲ್ಲಿಗೆ ಮತ್ತು ಕನಕ ಮಾರ್ಗಗಳ ಗುತ್ತಿಗೆ ಹಿಡಿದಿದ್ದ ಎಲ್ ಆ್ಯಂಡ್ ಟಿ ಕಂಪನಿ, ಜಾಗ ಸಮಯಕ್ಕೆ ಕೈಗೆ ಸಿಗಲಿಲ್ಲ ಎಂಬ ಕಾರಣ ಕೊಟ್ಟು ಹೊರನಡೆಯಿತು. ಈಗ 2030 ಎಂಬ ಹೊಸ ವರ್ಷ ಕೇಳಿಬರುತ್ತಿದೆ.

ತಪ್ಪು ಯಾರದು ಎಂದು ಕೇಳಿದರೆ ಕೇಂದ್ರ ರಾಜ್ಯದ ಕಡೆ, ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಹೊಣೆ. ಹಳಿ ಪಕ್ಕದ ಜಾಗ ರೈಲ್ವೆಯದು, ಖಾಸಗಿ ಜಾಗ ಸ್ವಾಧೀನ ಮಾಡಿಕೊಡಬೇಕಾದದ್ದು ರಾಜ್ಯ, ಎರಡರ ನಡುವೆ ಕೆ-ರೈಡ್. ಆ ಕಂಪನಿಗೆ ಪೂರ್ಣಾವಧಿಯ ವ್ಯವಸ್ಥಾಪಕ ನಿರ್ದೇಶಕರು ಯಾರಾಗಬೇಕು ಎಂಬುದೇ ಬಹಳ ಕಾಲ ಜಗಳದ ವಿಷಯವಾಗಿತ್ತು. ಎರಡು ಮನೆಯ ನೆಂಟ ಉಪವಾಸ ಸತ್ತ ಎಂಬ ಹಾಗೆ ಆಗಿದೆ ಈ ಯೋಜನೆಯ ಪಾಡು.

ನಮ್ಮಲ್ಲಿ ಉಪನಗರ ರೈಲು ಈಗಾಗಲೇ ಇದೆ

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬೆಂಗಳೂರಿಗೆ ಉಪನಗರ ರೈಲು ಇನ್ನೂ ಬಂದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಾಗದದ ಮೇಲೆ ಅದು ನಿಜ. ಆದರೆ ಹಳಿಯ ಮೇಲೆ ನೋಡಿದರೆ ಹಾಗಲ್ಲ. ಕೋಲಾರ ಚಿನ್ನದ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಿದರು. ನೂರಕ್ಕೂ ಹೆಚ್ಚು ವರ್ಷ ಗಣಿಯನ್ನೇ ನಂಬಿದ್ದ ಕೆಜಿಎಫ್‌ನ ಮನೆಗಳಿಗೆ ಆಮೇಲೆ ಅನ್ನ ಕೊಟ್ಟದ್ದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ರೈಲುಗಳು. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವ ಎದ್ದು, ಸುಮಾರು 100 ಕಿ.ಮೀ. ರೈಲಿನಲ್ಲಿ ಬಂದು, ಇಲ್ಲಿ ಅಂಗಡಿ, ಆಸ್ಪತ್ರೆ, ಕಾರ್ಖಾನೆ, ಆಫೀಸುಗಳಲ್ಲಿ ದುಡಿದು, ರಾತ್ರಿ ವಾಪಸು ಹೋಗುತ್ತಾರೆ. ಇದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಆ ರೈಲಿಗೆ ಹೂವಿನ ಹೆಸರಿಲ್ಲ, ಶಂಕುಸ್ಥಾಪನೆಯೂ ಆಗಲಿಲ್ಲ. ಆದರೆ ಅದು ಉಪನಗರ ರೈಲೇ.

ಇನ್ನೊಂದು ದಿಕ್ಕಿನಲ್ಲಿ ಮೈಸೂರಿನ ದಾರಿ ನೋಡಿ. ಚಿಕ್ಕಪೇಟೆಯ ಸೀರೆ ಅಂಗಡಿಗಳಿಗೆ ಬರುವ ರೇಷ್ಮೆಯ ಹಿಂದೆ ರಾಮನಗರದ ಗೂಡಿನ ಮಾರುಕಟ್ಟೆ ಇದೆ. ಅಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ನಮ್ಮ ಸಮುದಾಯದವರು ಬಹಳ. ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬು ಇವತ್ತಿಗೂ ಆ ಮನೆಗಳ ಒಲೆ ಉರಿಸುತ್ತಿದೆ. ಚನ್ನಪಟ್ಟಣದ ಮರದ ಗೊಂಬೆಗಳ ಕಸುಬೂ ಹಾಗೆಯೇ. ಆ ಮನೆಗಳ ಮಕ್ಕಳಲ್ಲಿ ಕೆಲವರು ನಮ್ಮ ಬೆಂಚಿನಲ್ಲಿ ಕೂರುತ್ತಾರೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಅಪ್ಪ, ಮಗ ಅಥವಾ ಮಗಳು ಲೆಕ್ಕಪತ್ರ ಓದಲಿ, ಲ್ಯಾಬ್‌ನಲ್ಲಿ ನಿಲ್ಲಲಿ ಎಂದು ಬೆಂಗಳೂರಿಗೆ ಕಳಿಸುತ್ತಾರೆ. ಪೇಟೆಯ ಅಂಗಡಿಗಳಲ್ಲಿ ಬಟ್ಟೆ ಬಿಡಿಸಿ ತೋರಿಸುವ ಎಷ್ಟೋ ಹುಡುಗರು ಅದೇ ರೈಲಿನಲ್ಲಿ ಬರುತ್ತಾರೆ. ನಿಲ್ದಾಣದಿಂದ ಚಿಕ್ಕಪೇಟೆಗೆ ನಡೆದೇ ಬರಬಹುದು. ಮಳೆ ಬಂದರೆ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಒಂದೇ ನಿಲ್ದಾಣ.

ಅಂದರೆ ಈ ಊರಿನ ವ್ಯಾಪಾರಕ್ಕೂ ಓದಿಗೂ ಬೇಕಾದ ಜನ ಬರುತ್ತಿರುವುದು ಕೆಂಗೇರಿಯ ಆಚೆಯಿಂದ, ವೈಟ್‌ಫೀಲ್ಡ್‌ನ ಆಚೆಯಿಂದ. ಆದರೆ ಹೂವಿನ ಹೆಸರಿನ ರೈಲುಗಳು ಅಲ್ಲಿಗೆ ಹೋಗುವುದೇ ಇಲ್ಲ. ಪಾರಿಜಾತ ಕೆಂಗೇರಿಯಲ್ಲಿ ನಿಲ್ಲುತ್ತದೆ, ರಾಮನಗರ ಇನ್ನೂ ಮುಂದಿದೆ. ಕನಕ ರಾಜಾನುಕುಂಟೆಯಲ್ಲಿ ನಿಲ್ಲುತ್ತದೆ, ಮಗ್ಗಗಳ ಊರು ದೊಡ್ಡಬಳ್ಳಾಪುರ ಅದೇ ಹಳಿಯಲ್ಲಿ ಸ್ವಲ್ಪ ಮುಂದಿದೆ. ಮಲ್ಲಿಗೆ ಚಿಕ್ಕಬಾಣಾವರದಲ್ಲಿ ನಿಲ್ಲುತ್ತದೆ, ಅಲ್ಲಿಂದ ಹಳಿ ಹಿಡಿದು ಹೋದರೆ ತುಮಕೂರು. ಎರಡನೇ ಹಂತದಲ್ಲಿ ಮೈಸೂರು, ತುಮಕೂರು, ಗೌರಿಬಿದನೂರು, ಬಂಗಾರಪೇಟೆ, ಹೊಸೂರಿನ ಕಡೆಗೆ ವಿಸ್ತರಿಸುವ ಪ್ರಸ್ತಾವನೆಯನ್ನು ಕೆ-ರೈಡ್ ಮುಂದಿಟ್ಟಾಗ ರೈಲ್ವೆ ಒಪ್ಪಲಿಲ್ಲ. 'ಉಪನಗರ' ಅಂದರೆ ಏನು ಎಂಬುದರಲ್ಲೇ ತಕರಾರು ಇದೆ. ನನ್ನ ಪ್ರಕಾರ ಯಾವ ಊರಿನಿಂದ ಜನ ಬೆಳಗ್ಗೆ ಹೊರಟು ಸಂಜೆ ಮನೆಗೆ ಮರಳುತ್ತಾರೋ ಅದೆಲ್ಲ ಉಪನಗರವೇ. ಪಾಲಿಕೆಯ ಗಡಿ ನೋಡಿ ಯಾರೂ ಕೆಲಸ ಹುಡುಕುವುದಿಲ್ಲ, ಕಾಲೇಜು ಸೇರುವುದಿಲ್ಲ.

ಮೆಟ್ರೊ ಇದೆಯಲ್ಲ, ಬಸ್ಸಿದೆಯಲ್ಲ?

ಈ ವಿಷಯ ಎತ್ತಿದಾಗ ಗೆಳೆಯರು ಕೇಳುವ ಪ್ರಶ್ನೆ ಇದು. ಮೆಟ್ರೊ ಬಗ್ಗೆ ನನಗೆ ತಕರಾರಿಲ್ಲ. 2017ರ ಜೂನ್‌ನಲ್ಲಿ ಚಿಕ್ಕಪೇಟೆ ಮತ್ತು ಕೆ.ಆರ್. ಮಾರುಕಟ್ಟೆಯ ನೆಲದಡಿಯ ನಿಲ್ದಾಣಗಳು ತೆರೆದ ಮೇಲೆ ನಮ್ಮ ಪೇಟೆಗೆ ಬರುವುದು ಸುಲಭವಾಗಿದೆ. ಆದರೆ ಮೆಟ್ರೊ ಊರಿನೊಳಗಿನ ಗಾಡಿ. ಅದು ರಾಮನಗರಕ್ಕೂ ಮಾಲೂರಿಗೂ ಹೋಗುವುದಿಲ್ಲ. ಜೊತೆಗೆ ಅದು ದುಬಾರಿ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಕಟ್ಟುವ ಖರ್ಚನ್ನೂ ಹೋಲಿಸಿ ನೋಡಿ. ಮೆಟ್ರೊ ಎರಡನೇ ಹಂತದ ಸುಮಾರು 72 ಕಿ.ಮೀ.ಗೆ 2014ರಲ್ಲಿ ಮಂಜೂರಾದ ಮೊತ್ತ 26,405 ಕೋಟಿ. ಕಿ.ಮೀ.ಗೆ ಸುಮಾರು 366 ಕೋಟಿ ಬೀಳುತ್ತದೆ. ಉಪನಗರ ರೈಲಿಗೆ 2020ರ ಮಂಜೂರಾತಿಯ ಪ್ರಕಾರ ಕಿ.ಮೀ.ಗೆ ಸುಮಾರು 106 ಕೋಟಿ. ಅಕೌಂಟೆನ್ಸಿ ಓದುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನೆಲದಡಿಯ ಸುರಂಗಕ್ಕೂ ಇರುವ ಹಳಿಯ ಪಕ್ಕದ ಹಳಿಗೂ ಖರ್ಚು ಒಂದೇ ಆಗುವುದಿಲ್ಲ, ನಿಜ. ಆದರೆ ಅಗ್ಗದ ಕೆಲಸವೇ ಹಿಂದೆ ಬಿದ್ದದ್ದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಬಸ್ಸಿನ ವಿಷಯದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹುಡುಗಿಯರಿಗೆ ದೊಡ್ಡ ಉಪಕಾರ ಮಾಡಿದೆ. ಟಿಕೆಟ್ ಖರ್ಚು ಉಳಿಯಿತು. ಆದರೆ ಹೊತ್ತು ಉಳಿಯಲಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದ ಮೇಲೆ ಬಸ್ಸು ಹೇಗೆ ತೆವಳುತ್ತದೆ ಎಂಬುದು ಆ ದಾರಿಯಲ್ಲಿ ಬರುವವರಿಗೆಲ್ಲ ಗೊತ್ತು. ಹುಡುಗರಿಗೆ ಆ ಉಚಿತವೂ ಇಲ್ಲ.

ಹೆದ್ದಾರಿಯ ಮಾತೂ ಬರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಸುಮಾರು 8,480 ಕೋಟಿ ಖರ್ಚಾಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಅಪಘಾತ ತಡೆಯಲು ಆ ನಿಯಮ ಬೇಕಿತ್ತು ಎಂದು ಒಪ್ಪುತ್ತೇನೆ. ಆದರೂ ನೋಡಿ, ಉಪನಗರ ರೈಲಿನ ಅರ್ಧಕ್ಕಿಂತ ಹೆಚ್ಚು ಹಣ ಹಾಕಿ ಮಾಡಿದ ದಾರಿಯಲ್ಲಿ ಕಾರಿದ್ದವರು ಒಂದೂವರೆ ಗಂಟೆಯಲ್ಲಿ ಮೈಸೂರು ತಲುಪುತ್ತಾರೆ. ಕಾರಿಲ್ಲದವರ ಮಕ್ಕಳು ಅದೇ ದಾರಿಯ ಪಕ್ಕದ ಹಳಿಯಲ್ಲಿ ಸಿಗ್ನಲ್‌ಗೆ ಕಾಯುತ್ತಾರೆ. ಕಾರಿನವರ ಕೆಲಸ ಬೇಗ ಆಗುತ್ತದೆ, ರೈಲಿನವರ ಕೆಲಸ ನಿಧಾನ. ಇದು ಎಂಜಿನಿಯರಿಂಗ್‌ನ ಪ್ರಶ್ನೆಯಲ್ಲ, ಯಾರ ಸಮಯಕ್ಕೆ ಬೆಲೆ ಇದೆ ಎಂಬ ಪ್ರಶ್ನೆ.

ಹಳಿ ಖಾಲಿ ಇಲ್ಲ ಎಂಬ ಉತ್ತರ

ಹೆಚ್ಚು ಲೋಕಲ್ ರೈಲು ಓಡಿಸಿ ಎಂದರೆ ರೈಲ್ವೆಯ ಕಡೆಯಿಂದ ಬರುವ ಉತ್ತರ, ಹಳಿ ಖಾಲಿ ಇಲ್ಲ ಎಂಬುದು. ಇದು ಸುಳ್ಳಲ್ಲ. ಒಂದೇ ಹಳಿಯ ಮೇಲೆ ದೂರದ ಎಕ್ಸ್‌ಪ್ರೆಸ್ ಹೋಗಬೇಕು, ಗೂಡ್ಸ್ ಹೋಗಬೇಕು, ನಮ್ಮ ಮೆಮು ಕೂಡ ಹೋಗಬೇಕು. ಎಕ್ಸ್‌ಪ್ರೆಸ್ ಬಂದರೆ ಮೆಮು ಪಕ್ಕಕ್ಕೆ ನಿಲ್ಲಬೇಕು. ಮುಂಬೈನಲ್ಲಿ ಲೋಕಲ್ ರೈಲು ಅಷ್ಟು ಚುರುಕಾಗಿ ಓಡಲು ಕಾರಣ, ಬಹುತೇಕ ಕಡೆ ಲೋಕಲ್‌ಗೆ ಬೇರೆ ಹಳಿ ಇರುವುದು. ಉಪನಗರ ಯೋಜನೆಯ ಉದ್ದೇಶವೂ ಅದೇ: ಲೋಕಲ್‌ಗೆ ಬೇರೆ ಹಳಿ. ಅದಕ್ಕೇ ಆ ಯೋಜನೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕೇ ಬೇಕು.

ಆದರೆ ಹೊಸ ಹಳಿ ಬರುವವರೆಗೆ ಏನೂ ಮಾಡಲಾಗದು ಎಂಬುದನ್ನು ನಾನು ಒಪ್ಪುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕಡೆ ಎಷ್ಟೋ ಕೆಲಸ ಆಗಿದೆ. ಮೈಸೂರಿನವರೆಗೆ ಜೋಡಿ ಹಳಿ, ವಿದ್ಯುತ್ ತಂತಿ ಎರಡೂ ಬಂದಿವೆ. ತುಮಕೂರಿನ ದಾರಿಗೂ ವಿದ್ಯುತ್ ಬಂದಿದೆ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆರೆಯಿತು. ಹೊರ ರಾಜ್ಯಗಳ ಕಡೆ ಹೋಗುವ ಎಷ್ಟೋ ರೈಲುಗಳು ಈಗ ಅಲ್ಲಿಂದಲೇ ಹೊರಡುತ್ತವೆ. ಹಾಗಾದರೆ ಸಿಟಿ ನಿಲ್ದಾಣದಲ್ಲಿ ಉಳಿತಾಯವಾದ ಪ್ಲಾಟ್‌ಫಾರ್ಮ್‌ಗಳಲ್ಲಿ ಒಂದು ಪಾಲು ಸುತ್ತಲಿನ ಊರುಗಳ ದಿನನಿತ್ಯದ ಪ್ರಯಾಣಿಕರಿಗೆ ಸಿಗಬೇಕಲ್ಲವೇ? ಅಲ್ಲೂ ವಂದೇ ಭಾರತ್‌ಗೆ ಮೊದಲ ಮಣೆ ಹಾಕಿದರೆ, ಮೆಮುಗೆ ನೆಲವೇ ಗತಿ.

ನಾವು ಕೇಳುವುದು ದೊಡ್ಡದಲ್ಲ. ಬೆಳಗ್ಗೆ 7ರಿಂದ 9ರ ನಡುವೆ, ಸಂಜೆ 4ರಿಂದ 7ರ ನಡುವೆ, ಮೈಸೂರು, ತುಮಕೂರು, ದೊಡ್ಡಬಳ್ಳಾಪುರ, ಬಂಗಾರಪೇಟೆ ಮತ್ತು ಹೊಸೂರಿನ ದಾರಿಗಳಲ್ಲಿ ಮೆಮುಗೆ ಮೊದಲ ಸಿಗ್ನಲ್ ಕೊಡಿ. ದಿನವಿಡೀ ಬೇಡ, ಆ ಐದು ಗಂಟೆ ಸಾಕು. ಎಂಟು ಬೋಗಿಯ ರೈಲು ತುಂಬಿ ತುಳುಕುವ ಕಡೆ ಬೋಗಿ ಹೆಚ್ಚಿಸಿ. ಹೊಸ ಹಳಿ, ಹೊಸ ಜಮೀನು, ವಿದೇಶಿ ಸಾಲ ಯಾವುದೂ ಇದಕ್ಕೆ ಬೇಡ. ವೇಳಾಪಟ್ಟಿ ಮಾಡುವವರ ಮನಸ್ಸು ಬೇಕು ಅಷ್ಟೇ. ರೈಲ್ವೆ ರಾಜ್ಯ ಸಚಿವರೇ ತುಮಕೂರಿನ ಸಂಸದರು. ಈ ದಾರಿಗಳ ಕಷ್ಟ ಅವರಿಗೆ ಹೇಳಿಕೊಡಬೇಕಿಲ್ಲ.

ನಮ್ಮ ಕೈಯಲ್ಲಿರುವ ಪಾಸು

ಈಗ ನಮ್ಮ ಗೆಳೆಯರಲ್ಲಿ ಬಹಳ ಜನರಿಗೆ ತಿಳಿಯದ ಒಂದು ವಿಷಯ. ಭಾರತೀಯ ರೈಲ್ವೆಯಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಮಾಸಿಕ ಸೀಸನ್ ಟಿಕೆಟ್ ಇದೆ. ಮನೆಯ ಹತ್ತಿರದ ನಿಲ್ದಾಣದಿಂದ ಕಾಲೇಜಿನ ಹತ್ತಿರದ ನಿಲ್ದಾಣಕ್ಕೆ, ಎರಡನೇ ದರ್ಜೆಯಲ್ಲಿ. ಹುಡುಗಿಯರಿಗೆ ಪದವಿ ಮುಗಿಯುವವರೆಗೆ, ಹುಡುಗರಿಗೆ 12ನೇ ತರಗತಿ, ಅಂದರೆ ದ್ವಿತೀಯ ಪಿಯುಸಿ ಮುಗಿಯುವವರೆಗೆ. 2008–09ರ ರೈಲ್ವೆ ಬಜೆಟ್‌ನಲ್ಲಿ ಲಾಲು ಪ್ರಸಾದ್ ಅವರು ಈ ಸೌಲಭ್ಯವನ್ನು ಇಲ್ಲಿಯವರೆಗೆ ವಿಸ್ತರಿಸಿದರು. ಮರುವರ್ಷ ಮಮತಾ ಬ್ಯಾನರ್ಜಿ ಅವರು ಸಚಿವರಾಗಿದ್ದಾಗ ಮದ್ರಸಾ ವಿದ್ಯಾರ್ಥಿಗಳನ್ನೂ ಸೇರಿಸಿದರು. ಕಾಲೇಜಿನ ಮುಖ್ಯಸ್ಥರು ಸಹಿ ಮಾಡಿ ಮೊಹರು ಹಾಕಿದ ಪ್ರಮಾಣಪತ್ರ ಬೇಕು. ಪಿಯುಸಿ ಮುಗಿದ ಮೇಲೂ ಹುಡುಗರಿಗೆ 25 ವರ್ಷದವರೆಗೆ ಅರ್ಧ ದರದ ಸೀಸನ್ ಟಿಕೆಟ್ ಇದೆ.

ನಮ್ಮ ಕಾಲೇಜಿನಲ್ಲಿ ರೈಲಿನಲ್ಲಿ ಬರುವವರಲ್ಲಿ ಎಷ್ಟು ಜನ ಈ ಪಾಸು ಮಾಡಿಸಿದ್ದಾರೆ ಎಂದು ನಾನು ಕೇಳುತ್ತಾ ಹೋದೆ. ಕೆಲವರು ಹಣ ಕೊಟ್ಟು ಸೀಸನ್ ಪಾಸು ಮಾಡಿಸುತ್ತಿದ್ದಾರೆ, ಕೆಲವರು ದಿನಾ ಟಿಕೆಟ್ ತೆಗೆಯುತ್ತಾರೆ. ಉಚಿತ ಪಾಸು ಇದೆ ಎಂದು ಗೊತ್ತಿದ್ದವರು ಬೆರಳೆಣಿಕೆ. ಸರ್ಕಾರ ಕೊಟ್ಟ ಹಕ್ಕನ್ನು ಕೇಳಿ ಪಡೆಯುವುದು ಭಿಕ್ಷೆ ಬೇಡಿದಂತಲ್ಲ. ಇದನ್ನು ಪಡೆಯದೆ ಇರುವುದರಿಂದ ಇನ್ನೊಂದು ನಷ್ಟವೂ ಇದೆ. ಒಂದು ನಿಲ್ದಾಣದಿಂದ ಎಷ್ಟು ವಿದ್ಯಾರ್ಥಿ ಪಾಸುಗಳು ಹೋಗುತ್ತವೆ ಎಂಬುದು ರೈಲ್ವೆಯ ಕಡತದಲ್ಲಿ ದಾಖಲಾಗುತ್ತದೆ. ಪಾಸೇ ಇಲ್ಲದಿದ್ದರೆ ವಿದ್ಯಾರ್ಥಿಗಳೇ ಇಲ್ಲ ಎಂದಾಗುತ್ತದೆ. ನಾವು ಕಡತದಲ್ಲಿ ಕಾಣದಿದ್ದರೆ ವೇಳಾಪಟ್ಟಿಯಲ್ಲೂ ಕಾಣುವುದಿಲ್ಲ.

ಈ ಪಾಸು ನನಗೆ ಇನ್ನೂ ಒಂದು ಭಯ ಹುಟ್ಟಿಸುತ್ತದೆ. ಅದು ಭಾರತೀಯ ರೈಲ್ವೆಯ ರೈಲಿಗೆ ಸಿಗುವ ಪಾಸು. ನಾಳೆ ಉಪನಗರ ರೈಲು ಬಂದಾಗ ಅದನ್ನು ನಡೆಸುವವರು ಬೇರೆ ಕಂಪನಿಯವರಾಗಿ, ದರವನ್ನು ಮೆಟ್ರೊ ಹಾಗೆ ನಿಗದಿ ಮಾಡಿದರೆ, ಈ ಉಚಿತ ಪಾಸು ಅಲ್ಲಿ ನಡೆಯುತ್ತದೆಯೇ? ಹವಾನಿಯಂತ್ರಿತ ಬೋಗಿ, ಮೆಟ್ರೊ ದರ, ವಿದ್ಯಾರ್ಥಿಗೆ ರಿಯಾಯಿತಿ ಇಲ್ಲ ಎಂದಾದರೆ ಕೆಂಗೇರಿಯಲ್ಲಿ ನಮ್ಮ ಗೆಳೆಯರು ಪಾರಿಜಾತ ಹೋಗುವುದನ್ನು ನೋಡುತ್ತಾ ನಿಲ್ಲಬೇಕಾಗುತ್ತದೆ. ದರದ ನಿರ್ಧಾರ ರೈಲು ಓಡುವ ಹಿಂದಿನ ದಿನ ಆಗುವಂಥದ್ದಲ್ಲ. ಸಾಲದ ಕರಾರು, ಆದಾಯದ ಅಂದಾಜು ಮಾಡುವಾಗಲೇ ಆಗಿಬಿಡುತ್ತದೆ. ಆದ್ದರಿಂದ ವಿದ್ಯಾರ್ಥಿಗಳ ಉಚಿತ ಪಾಸು ಉಪನಗರ ರೈಲಿಗೂ ಅನ್ವಯಿಸಬೇಕು ಎಂಬ ಮಾತನ್ನು ಈಗಲೇ ಎತ್ತಬೇಕು.

ಏನು ಮಾಡಬಹುದು

ಮೊದಲನೆಯದು ನಮ್ಮ ಕಾಲೇಜಿನೊಳಗಿನ ಕೆಲಸ. ಪ್ರವೇಶದ ಸಮಯದಲ್ಲಿ, ಬಸ್ ಪಾಸಿನ ಅರ್ಜಿಯ ಜೊತೆಗೇ ರೈಲ್ವೆ ಪಾಸಿನ ಪ್ರಮಾಣಪತ್ರವನ್ನೂ ಕಚೇರಿಯಲ್ಲಿ ಕೊಡುವ ವ್ಯವಸ್ಥೆ ಆಗಲಿ ಎಂದು ಪ್ರಾಂಶುಪಾಲರನ್ನು ವಿನಂತಿಸುತ್ತೇನೆ. ಒಂದೊಂದು ಪತ್ರಕ್ಕೂ ವಿದ್ಯಾರ್ಥಿ ಹತ್ತು ಸಲ ಅಲೆಯುವ ಹಾಗಾಗಬಾರದು.

ಎರಡನೆಯದು, ಪ್ರಾಕ್ಟಿಕಲ್ ಬ್ಯಾಚ್‌ಗಳನ್ನು ಮಾಡುವಾಗ ದೂರದ ಊರಿನವರನ್ನು, ಅದರಲ್ಲೂ ಹುಡುಗಿಯರನ್ನು, ಮೊದಲ ಬ್ಯಾಚ್‌ಗೆ ಹಾಕಲಿ. ನಾನು ಕೊನೆಯ ಬ್ಯಾಚ್‌ನಲ್ಲಿದ್ದರೂ ಅಸರ್ ಹೊತ್ತಿಗೆ ಮನೆಯಲ್ಲಿರುತ್ತೇನೆ. ಅವರು ಒಂದು ರೈಲು ತಪ್ಪಿಸಿಕೊಂಡರೆ ಒಂದು ಗಂಟೆ ಕಳೆದುಕೊಳ್ಳುತ್ತಾರೆ. ರಂಝಾನ್‌ನಲ್ಲಿ ಇಫ್ತಾರ್ ರೈಲಿನಲ್ಲೇ ಆಗುತ್ತದೆ. ಮುಸಾಫಿರನಿಗೆ ನಮಾಝಿನಲ್ಲೂ ರೋಝಾದಲ್ಲೂ ಸಡಿಲಿಕೆ ಕೊಟ್ಟ ದೀನ್ ನಮ್ಮದು. ಟೈಮ್‌ಟೇಬಲ್‌ನಲ್ಲಿ ಅರ್ಧ ಗಂಟೆಯ ಸಡಿಲಿಕೆ ಕೊಡುವುದು ನಮಗೆ ಕಷ್ಟವಾಗಬಾರದು.

ಮೂರನೆಯದು, ಹೊರಗಿನ ಕೆಲಸ. ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರು ಇದ್ದಾರೆ. ಅವರ ಬಳಿ ರೈಲು ಬಳಕೆದಾರರ ಸಲಹಾ ಸಮಿತಿಯೂ ಇದೆ. ಅದರಲ್ಲಿ ವ್ಯಾಪಾರ ಸಂಘಗಳವರು, ಪ್ರಯಾಣಿಕರ ಸಂಘಗಳವರು ಕೂರುತ್ತಾರೆ. ವಿದ್ಯಾರ್ಥಿಗಳ ಮಾತನ್ನು ಅಲ್ಲಿ ಹೇಳುವವರು ಬೇಕು. ಪೇಟೆಯ ವರ್ತಕರ ಸಂಘದವರೊಂದಿಗೆ ಸೇರಿ ನಾವು ಒಂದು ಮನವಿ ಕೊಡಬಹುದು. ಅವರ ಅಂಗಡಿಯ ಹುಡುಗರೂ ನಮ್ಮ ಗೆಳೆಯರೂ ಬರುವುದು ಒಂದೇ ರೈಲಿನಲ್ಲಿ. ಚಿಕ್ಕಪೇಟೆಯಲ್ಲಿ ಹಿಂದೂ, ಮುಸ್ಲಿಂ, ಜೈನ ಎಂಬ ಭೇದವಿಲ್ಲದೆ ವ್ಯಾಪಾರ ನಡೆಯುವ ಹಾಗೆ, ಈ ಮನವಿಗೂ ಎಲ್ಲರ ಸಹಿ ಬೀಳಲಿ. ಸುತ್ತಲಿನ ಬೇರೆ ಕಾಲೇಜುಗಳ ವಿದ್ಯಾರ್ಥಿ ಸಂಘಗಳನ್ನೂ ಕೇಳೋಣ.

ಮನವಿಗೆ ಬಲ ಬರುವುದು ಲೆಕ್ಕದಿಂದ. "ತುಂಬಾ ತೊಂದರೆಯಾಗುತ್ತಿದೆ" ಎಂದು ಬರೆದರೆ ಓದಿ ಪಕ್ಕಕ್ಕಿಡುತ್ತಾರೆ. ಯಾವ ನಿಲ್ದಾಣದಿಂದ ಎಷ್ಟು ವಿದ್ಯಾರ್ಥಿಗಳು, ಯಾವ ಹೊತ್ತಿನ ರೈಲು, ಒಂದು ತಿಂಗಳಲ್ಲಿ ಎಷ್ಟು ದಿನ ಎಷ್ಟು ನಿಮಿಷ ತಡ, ಎಷ್ಟು ಮೊದಲ ಪೀರಿಯಡ್ ಹೋಯಿತು ಎಂದು ಬರೆದುಕೊಟ್ಟರೆ ಪಕ್ಕಕ್ಕಿಡುವುದು ಅಷ್ಟು ಸುಲಭವಲ್ಲ. ಅದಕ್ಕಾಗಿ ಗ್ರಂಥಾಲಯದ ಕೌಂಟರ್‌ನಲ್ಲಿ ಒಂದು ನೋಟ್‌ಬುಕ್ ಇಡಲು ಗ್ರಂಥಪಾಲಕರು ಒಪ್ಪಿದ್ದಾರೆ. ರೈಲಿನಲ್ಲಿ ಬರುವವರು ಮುಂದಿನ ಒಂದು ತಿಂಗಳು ಪ್ರತಿದಿನ ಅದರಲ್ಲಿ ಒಂದು ಸಾಲು ಬರೆಯಬೇಕು: ತರಗತಿ, ಹತ್ತಿದ ನಿಲ್ದಾಣ, ರೈಲು ಬರಬೇಕಿದ್ದ ಸಮಯ, ಬಂದ ಸಮಯ. ಹೆಸರು ಬರೆಯಬೇಕಾಗಿಲ್ಲ. ನಡೆದು ಬರುವ ನಾವು ಕೆಲವರು ಆ ಸಾಲುಗಳನ್ನು ಕೂಡಿಸಿ ಪಟ್ಟಿ ಮಾಡುವ ಕೆಲಸ ವಹಿಸಿಕೊಂಡಿದ್ದೇವೆ.

2030ಕ್ಕೆ ಮಲ್ಲಿಗೆಯೋ ಸಂಪಿಗೆಯೋ ಅರಳಲಿ, ಇನ್ಷಾ ಅಲ್ಲಾಹ್. ಆ ಹೊತ್ತಿಗೆ ನಾವ್ಯಾರೂ ಈ ಕಾಲೇಜಿನಲ್ಲಿ ಇರುವುದಿಲ್ಲ. ಈಗ ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ, ರಾಮನಗರದ, ಮಾಲೂರಿನ, ದೊಡ್ಡಬಳ್ಳಾಪುರದ ಹುಡುಗಿಯರು ಅದಕ್ಕೂ ಮೊದಲೇ ಪಿಯುಸಿಗೆ ಬರುತ್ತಾರೆ. ಯಾವ ಕಾಲೇಜು, ಯಾವ ಕಾಂಬಿನೇಷನ್ ಎಂದು ಅವರ ಮನೆಯಲ್ಲಿ ಮಾತಾಗುವಾಗ ರೈಲಿನ ಸಮಯವೂ ಮಾತಿಗೆ ಬರುತ್ತದೆ. ಆ ಸಮಯ ಅವರ ಪರವಾಗಿರಬೇಕಾದರೆ ನೋಟ್‌ಬುಕ್ ಸೋಮವಾರದಿಂದ ತುಂಬಬೇಕು.